ಕೆಲಸ ಮಾಡಿದ್ದು ಗೊತ್ತೇ ಆಗದ ಇನ್ಹೇಲರ್

ಅಸ್ತಮಾ ಇರುವ ಎಷ್ಟೋ ಜನರ ಬಳಿ ಎರಡು ಇನ್ಹೇಲರ್ ಇರುತ್ತವೆ. ಒಂದು ಜೇಬಿನಲ್ಲೋ ಬ್ಯಾಗಿನಲ್ಲೋ ಸದಾ ಜೊತೆಗೇ ಓಡಾಡುತ್ತದೆ. ಮೈಯೆಲ್ಲ ಗೀರು ಬಿದ್ದಿರುತ್ತದೆ, ಮುಚ್ಚಳ ಎಂದೋ ಕಳೆದುಹೋಗಿರುತ್ತದೆ. ಇನ್ನೊಂದು ಕಪಾಟಿನಲ್ಲಿ ಡಬ್ಬಿಯ ಸಮೇತ ಹೊಸದರ ಹಾಗೇ ಕೂತಿರುತ್ತದೆ. ನಿಜ ಹೇಳಬೇಕೆಂದರೆ ಆಗಬೇಕಾದದ್ದು ಇದರ ಉಲ್ಟಾ.

ನನಗೂ ಚಿಕ್ಕಂದಿನಿಂದ ಅಸ್ತಮಾ ಇದೆ. ಹಾಗಾಗಿ ಬಿಟ್ಟಿ ಸಲಹೆಗಳಿಗೆ ಯಾವತ್ತೂ ಬರ ಬಂದಿಲ್ಲ. ‘ಇನ್ಹೇಲರ್ ಹಿಡಿದರೆ ಬಿಡೋಕಾಗಲ್ಲ’, ‘ಸ್ಟೀರಾಯ್ಡ್ ಅಂತೆ, ಹುಷಾರು’, ‘ಉಸಿರು ಸರಿ ಇದೆಯಲ್ಲ, ಮತ್ಯಾಕೆ ಔಷಧ?’ ಹೇಳುವವರು ಕೆಟ್ಟವರಲ್ಲ. ನಮ್ಮ ಮೇಲಿನ ಕಾಳಜಿಗೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ಅನಿಸಿದ್ದು ಇಷ್ಟು: ಈ ಮಾತುಗಳೆಲ್ಲ ಬೇರೆ ಬೇರೆಯಾಗಿ ಕಂಡರೂ ಇವುಗಳ ಬೇರು ಹೆಚ್ಚುಕಮ್ಮಿ ಒಂದೇ. ಏದುಸಿರು ಬಂದಾಗ ಮಾತ್ರ ಅಸ್ತಮಾ ಇದೆ, ಅದು ಹೋದ ಕೂಡಲೇ ಅಸ್ತಮಾವೂ ಹೋಯಿತು ಅಂತ ನಾವು ಅಂದುಕೊಂಡಿದ್ದೇವೆ. ಅನುಭವಕ್ಕೆ ಬರುವ ಔಷಧವನ್ನು ನಂಬುತ್ತೇವೆ. ಬಾರದ ಔಷಧವನ್ನು ಅನುಮಾನಿಸುತ್ತೇವೆ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಅಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಯಾವಾಗಲೂ ಅಷ್ಟಿಷ್ಟು ಊದಿಕೊಂಡು, ಕೆಂಪಾಗಿ, ಸಣ್ಣ ಕಾರಣಕ್ಕೂ ಸಿಡುಕುವ ಸ್ಥಿತಿಯಲ್ಲಿರುತ್ತದೆ. ಧೂಳು, ಹೊಗೆ, ಶೀತ, ತಣ್ಣನೆಯ ಗಾಳಿ ಹೀಗೆ ಏನೋ ಒಂದು ತಾಗಿದಾಗ ನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ಒಳಗೆ ಕಫವೂ ಸೇರಿ ದಾರಿ ಇನ್ನಷ್ಟು ಕಿರಿದಾಗುತ್ತದೆ. ಆಗ ಎದೆ ಹಿಡಿದಂತಾಗುತ್ತದೆ, ಸುಂಯ್ ಅನ್ನುವ ಸದ್ದು ಬರುತ್ತದೆ. ಬಹಳ ಕಡೆ ನೀಲಿ ಬಣ್ಣದಲ್ಲಿ ಸಿಗುವ ಸಾಲ್ಬ್ಯುಟಮಾಲ್ ಇನ್ಹೇಲರ್ ಆ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ. ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಊತ ಮಾತ್ರ ಹಾಗೇ ಇರುತ್ತದೆ. ಅದನ್ನು ಇಳಿಸುವುದು ಇನ್ನೊಂದು ಇನ್ಹೇಲರ್, ಅಂದರೆ ಸ್ಟೀರಾಯ್ಡ್ ಇರುವಂಥದ್ದು. ಅದು ದಿನಗಳು, ವಾರಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಎಳೆದುಕೊಂಡಾಗ ಏನೂ ಗೊತ್ತಾಗುವುದಿಲ್ಲ. ಒಂದು ದಿನ ತಪ್ಪಿಸಿದರೂ ಏನೂ ಗೊತ್ತಾಗುವುದಿಲ್ಲ. ನೀಲಿಯೊಂದನ್ನೇ ನಂಬಿ ಕೂರುವುದೆಂದರೆ ಸೂರು ಸೋರುತ್ತಿರುವಾಗ ನೆಲ ಒರೆಸುತ್ತಾ ಕೂತಂತೆ.

ಇದು ರೋಗಿಗಳೇ ಕಟ್ಟಿಕೊಂಡ ತಪ್ಪು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ವೈದ್ಯಲೋಕವೂ ತುಂಬ ವರ್ಷ ಹೀಗೇ ನಡೆದುಕೊಂಡಿತ್ತು. ಒತ್ತಿದರೆ ಅಳತೆಯಷ್ಟು ಔಷಧ ಚಿಮ್ಮುವ ಇನ್ಹೇಲರ್ ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ, ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನಿಂದ. ಅದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳಿಗೆ ಅಸ್ತಮಾ ಇತ್ತು. ‘ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಔಷಧಾನೂ ಯಾಕೆ ಮಾಡಬಾರದು?’ ಅಂತ ಆ ಹುಡುಗಿ ಕೇಳಿದ್ದೇ ಇದಕ್ಕೆಲ್ಲ ಮೂಲ ಎನ್ನುತ್ತಾರೆ. 1969ರಲ್ಲಿ ಸಾಲ್ಬ್ಯುಟಮಾಲ್ ಬಂತು. ಒಳಗೆಳೆದುಕೊಳ್ಳುವ ಸ್ಟೀರಾಯ್ಡ್ ಆದ ಬೆಕ್ಲೊಮೆಥಾಸೋನ್ 1972ರಲ್ಲಿ ಬಂತು. ಅಂದರೆ ಊತ ಇಳಿಸುವ ಔಷಧ ನಮ್ಮ ಕೈಗೆ ಬಂದು ಐವತ್ತು ವರ್ಷ ದಾಟಿದೆ. ಆದರೂ ‘ಅಸ್ತಮಾ ಕಮ್ಮಿ ಇದ್ದರೆ ನೀಲಿ ಸಾಕು’ ಅನ್ನುವ ಅಭ್ಯಾಸ ಹೋಗಲಿಲ್ಲ.

ಆ ಅಭ್ಯಾಸಕ್ಕೆ ಕಟ್ಟಿದ ಬೆಲೆ ಸಣ್ಣದಲ್ಲ. ನ್ಯೂಜಿಲೆಂಡ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಅಸ್ತಮಾ ಸಾವುಗಳು ಇದ್ದಕ್ಕಿದ್ದಂತೆ ಏರಿದವು. ಫೆನೊಟೆರಾಲ್ ಎಂಬ, ನಾಳವನ್ನು ಜೋರಾಗಿ ಹಿಗ್ಗಿಸುವ ಇನ್ಹೇಲರ್ ಕಡೆ ಬೆರಳು ತೋರಿಸಿದ ಅಧ್ಯಯನ 1989ರಲ್ಲಿ ಬಂತು. ಆಮೇಲೆ ಅದರ ಬಳಕೆ ಇಳಿಯಿತು, ಸಾವುಗಳೂ ಇಳಿದವು. ಬ್ರಿಟನ್ ತನ್ನ ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿತು. ಒಟ್ಟು 195 ಸಾವುಗಳು. ನನ್ನನ್ನು ಅಲುಗಾಡಿಸಿದ ಅಂಶ ಬೇರೆ. ತೀವ್ರತೆ ಎಷ್ಟು ಅಂತ ತಿಳಿದುಬಂದ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸೌಮ್ಯ ಅಥವಾ ಮಧ್ಯಮ ಅಸ್ತಮಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. ‘ನಂದು ಅಷ್ಟೇನಿಲ್ಲ ಬಿಡಿ’ ಅನ್ನುವ ಗುಂಪು ಅದು. ನೂರಕ್ಕೆ 45 ಜನ ವೈದ್ಯರ ನೆರವು ಕೇಳದೇ, ಅಥವಾ ಆ ನೆರವು ಸಿಗುವ ಮೊದಲೇ ತೀರಿಕೊಂಡಿದ್ದರು.

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ದಿಕ್ಕು ತೋರಿಸುವ ಗ್ಲೋಬಲ್ ಇನಿಶಿಯೇಟಿವ್ ಫಾರ್ ಅಸ್ತಮಾ ಎಂಬ ಸಂಸ್ಥೆ, ಅಂದರೆ ಜೀನಾ, 2019ರಲ್ಲಿ ಸ್ಪಷ್ಟವಾಗಿ ಹೇಳಿತು: ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬ್ಯುಟಮಾಲ್ ಥರದ ಔಷಧವೊಂದನ್ನೇ ಕೊಡಬಾರದು, ಎಷ್ಟೇ ಸೌಮ್ಯವಾಗಿದ್ದರೂ ಜೊತೆಗೆ ಸ್ಟೀರಾಯ್ಡ್ ಇನ್ಹೇಲರ್ ಬೇಕೇ ಬೇಕು. ಈಗ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಇನ್ಹೇಲರ್ ಇದೆ. ಉಸಿರು ಕಟ್ಟಿದಾಗ ಅದನ್ನೇ ಎಳೆದುಕೊಂಡರೆ ಸ್ನಾಯುವೂ ಸಡಿಲವಾಗುತ್ತದೆ, ಊತಕ್ಕೂ ಅಷ್ಟು ಮದ್ದು ಬೀಳುತ್ತದೆ. ಕಪಾಟಿನ ಇನ್ಹೇಲರನ್ನು ಮುಟ್ಟದವರಿಗೆ ಇದೊಂದು ಜಾಣ ಉಪಾಯ ಅಂತ ನನ್ನ ಅಭಿಪ್ರಾಯ. ಮನುಷ್ಯನ ಸ್ವಭಾವ ತಿದ್ದುವ ಬದಲು ಔಷಧವನ್ನೇ ತಿದ್ದಿದ್ದಾರೆ.

ನಿಮ್ಮದು ಯಾವ ಕಡೆ ವಾಲಿದೆ ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ಸಾಲ್ಬ್ಯುಟಮಾಲ್ ಇನ್ಹೇಲರ್‌ನಲ್ಲಿ ಸಾಮಾನ್ಯವಾಗಿ 200 ಪಫ್ (ಒಂದು ಸಲ ಒತ್ತಿದರೆ ಒಂದು ಪಫ್) ಇರುತ್ತವೆ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಖಾಲಿಯಾದರೆ ದೊಡ್ಡ ಅಟ್ಯಾಕ್‌ನ ಅಪಾಯ ಹೆಚ್ಚು. ಹನ್ನೆರಡು ದಾಟಿದರೆ ಸಾವಿನ ಅಪಾಯವೂ ಹೆಚ್ಚು. ಮೂರು ಅಂದರೆ ದಿನಕ್ಕೆ ಎರಡು ಪಫ್ ಕೂಡ ಆಗಲಿಲ್ಲ ನೋಡಿ. ‘ನಾನೇನು ಜಾಸ್ತಿ ತಗೊಳ್ಳಲ್ಲಪ್ಪ’ ಅನ್ನುವವರು ಖಾಲಿ ಡಬ್ಬಿಗಳನ್ನು ಎಣಿಸಿದರೆ ಸಾಕು.

ಈಗ ಸ್ಟೀರಾಯ್ಡ್ ವಿಷಯ. ಇದರ ಭಯ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಓದಿದವರು, ವಿಜ್ಞಾನ ಗೊತ್ತಿದ್ದವರು ಕೂಡ ಮಗುವಿಗೆ ಇನ್ಹೇಲರ್ ಅಂದಾಗ ಮುಖ ಸಣ್ಣ ಮಾಡುತ್ತಾರೆ. ಜಿಮ್‌ನಲ್ಲಿ ಮೈ ಉಬ್ಬಿಸಲು ಕದ್ದು ತೆಗೆದುಕೊಳ್ಳುವುದು ಬೇರೆಯದೇ ಜಾತಿಯ ಸ್ಟೀರಾಯ್ಡ್. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಾತ್ರೆಯ ಸ್ಟೀರಾಯ್ಡ್‌ಗೆ ಸಂಬಂಧ ಇದೆ, ಆದರೆ ಪ್ರಮಾಣ ನೋಡಿ. ಅಟ್ಯಾಕ್ ಜೋರಾದಾಗ ದೊಡ್ಡವರಿಗೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಐದು ದಿನ ಕೊಡುವುದು ವಾಡಿಕೆ. ಒಟ್ಟು 200 ಮಿಲಿಗ್ರಾಂ. ಬುಡೆಸೊನೈಡ್ ಇನ್ಹೇಲರ್‌ನ ಕಡಿಮೆ ಡೋಸ್ ದಿನಕ್ಕೆ 200 ಮೈಕ್ರೋಗ್ರಾಂ ಆದರೆ, ಅಷ್ಟೇ ತೂಕದ ಔಷಧ ಒಳಗೆಳೆದುಕೊಳ್ಳಲು ಸಾವಿರ ದಿನ ಬೇಕು. ಎರಡೂ ಔಷಧಗಳ ಶಕ್ತಿ ಒಂದೇ ಅಲ್ಲ, ಹಾಗಾಗಿ ತೂಕಕ್ಕೆ ತೂಕ ಹೋಲಿಸುವುದು ಕಟ್ಟುನಿಟ್ಟಾದ ಲೆಕ್ಕವಲ್ಲ. ಆದರೆ ಮಾತ್ರೆ ಮೈಯೆಲ್ಲ ಸುತ್ತುತ್ತದೆ. ಇನ್ಹೇಲರ್ ನೇರ ನಾಳಕ್ಕೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಮ್ಮಿ. ಇನ್ಹೇಲರ್‌ಗೆ ಹೆದರಿ ಬಿಟ್ಟವರೇ ಕೊನೆಗೆ ಆಸ್ಪತ್ರೆಯಲ್ಲಿ ಮಾತ್ರೆ, ಇಂಜೆಕ್ಷನ್ ಅಂತ ಜಾಸ್ತಿ ಸ್ಟೀರಾಯ್ಡ್ ತಿನ್ನುತ್ತಾರೆ. ಅಂಥ ಮಾತ್ರೆಯ ಕೋರ್ಸ್‌ಗಳು ಜೀವಮಾನದಲ್ಲಿ ಕೆಲವೇ ಕೆಲವು ಆದರೂ ಮೂಳೆ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇವುಗಳ ಅಪಾಯ ಏರುತ್ತದೆ.

ಇನ್ಹೇಲರ್‌ನಿಂದ ತೊಂದರೆಯೇ ಇಲ್ಲವಾ? ಇದೆ. ಗಂಟಲು ಗೊಗ್ಗರಾಗಬಹುದು, ಬಾಯಲ್ಲಿ ಬಿಳಿ ಶಿಲೀಂಧ್ರ ಕಾಣಿಸಬಹುದು. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಇವು ಕಮ್ಮಿ. ಮಕ್ಕಳ ಎತ್ತರದ ಪ್ರಶ್ನೆಗೆ ‘ಏನೂ ಆಗಲ್ಲ’ ಅಂತ ಹಾರಿಕೆಯ ಉತ್ತರ ಕೊಡುವುದು ನನಗೆ ಇಷ್ಟವಿಲ್ಲ. ವರ್ಷಗಟ್ಟಲೆ ಬುಡೆಸೊನೈಡ್ ತೆಗೆದುಕೊಂಡ ಮಕ್ಕಳು ಬೆಳೆದು ದೊಡ್ಡವರಾದಾಗ, ತೆಗೆದುಕೊಳ್ಳದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು ಅಂತ 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳಿತು. ಆ ವ್ಯತ್ಯಾಸ ಮೊದಲ ಒಂದೆರಡು ವರ್ಷದಲ್ಲಿ ಆದದ್ದು. ಆಮೇಲೆ ವರ್ಷ ವರ್ಷ ಬೆಳೆಯುತ್ತಾ ಹೋಗಲಿಲ್ಲ. ಹತೋಟಿಗೆ ಬಾರದ ಅಸ್ತಮಾ ಕೂಡ ಮಗುವಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಈ ಎರಡನ್ನೂ ಮುಂದಿಟ್ಟು ಹೇಳಿದರೆ ಅಪ್ಪ ಅಮ್ಮ ತಾವೇ ಸರಿಯಾಗಿ ತೂಗುತ್ತಾರೆ.

‘ಚಟ ಹಿಡಿಯುತ್ತೆ’ ಅನ್ನುವ ಮಾತಿಗೆ ಜಾಸ್ತಿ ಹೇಳುವುದಿಲ್ಲ. ಇನ್ಹೇಲರ್ ಬಿಟ್ಟರೆ ಉಬ್ಬಸ ಮರಳಿ ಬರುವುದು ಕಾಯಿಲೆ ಒಳಗೇ ಇದ್ದುದರಿಂದ. ಬಿಪಿ ಮಾತ್ರೆ ಬಿಟ್ಟಾಗ ಬಿಪಿ ಏರಿದರೆ ಅದನ್ನು ಯಾರೂ ಚಟ ಅನ್ನುವುದಿಲ್ಲ, ಅಲ್ವಾ?

ಇದೆಲ್ಲ ತಿಳಿದವರೂ ಎಡವುವ ಜಾಗ ಇನ್ನೊಂದಿದೆ. ನಮ್ಮ ದೊಡ್ಡಪ್ಪನಿಗೂ ಅಸ್ತಮಾ. ಅವರು ಇನ್ಹೇಲರ್ ತೆಗೆದುಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಡಬ್ಬಿ ಅಲ್ಲಾಡಿಸುವುದಿಲ್ಲ. ಉಸಿರು ಹೊರಗೆ ಬಿಡುವುದಿಲ್ಲ. ಬಾಯಿ ಆ ಎಂದು ತೆರೆದು, ತಲೆ ತುಸು ಹಿಂದಕ್ಕೆ ಎತ್ತಿ, ಟಕ್ ಟಕ್ ಅಂತ ಎರಡು ಸಲ ಬೆನ್ನುಬೆನ್ನಿಗೆ ಒತ್ತುತ್ತಾರೆ. ಬಾಯಿಂದ ಬೆಳ್ಳಗಿನ ಹೊಗೆ ಸುಳಿಯಾಗಿ ಹೊರಬರುತ್ತದೆ.

‘ದೊಡ್ಡಪ್ಪ, ಆ ಹೊಗೆ ಬಂತಲ್ಲ, ಔಷಧ ಅಂದ್ರೆ ಅದೇನೇ’ ಅಂದೆ.

‘ಹೋಗ್ಲಿ ಬಿಡು, ಒಳಗೂ ಒಂದಿಷ್ಟು ಹೋಗಿರುತ್ತೆ’ ಅಂದರು.

ಅವರು ಒಬ್ಬರೇ ಅಲ್ಲ. 1975ರಿಂದ 2014ರವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಇನ್ಹೇಲರನ್ನು ಸರಿಯಾಗಿ ಬಳಸುವವರು ಮೂವರಲ್ಲಿ ಒಬ್ಬರು ಮಾತ್ರ ಅಂತ ಕಂಡುಬಂತು. ನಲವತ್ತು ವರ್ಷದಲ್ಲಿ ಇದು ಸುಧಾರಿಸಿಯೂ ಇರಲಿಲ್ಲ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು. ಉಸಿರನ್ನು ಮೆಲ್ಲಗೆ ಹೊರಗೆ ಬಿಡಬೇಕು. ತುಟಿಯಿಂದ ಬಿಗಿಯಾಗಿ ಹಿಡಿಯಬೇಕು. ಒಳಗೆಳೆಯಲು ಶುರು ಮಾಡುವ ಹೊತ್ತಿಗೇ ಒಂದು ಸಲ ಒತ್ತಿ, ನಿಧಾನವಾಗಿ, ಆಳವಾಗಿ ಎಳೆದುಕೊಂಡು ಹತ್ತು ಸೆಕೆಂಡ್ ತಡೆಹಿಡಿಯಬೇಕು. ಎರಡನೆಯ ಪಫ್‌ಗೆ ಅರ್ಧ ಒಂದು ನಿಮಿಷ ಬಿಡಬೇಕು. ಪುಡಿಯ ಇನ್ಹೇಲರ್ ಆದರೆ ಎಳೆಯುವ ಕ್ರಮ ತಿರುಗುಮುರುಗು. ಅದನ್ನು ಜೋರಾಗಿ, ರಭಸದಿಂದ ಎಳೆಯಬೇಕು. ಅದರೊಳಗೆ ಉಸಿರು ಊದಬಾರದು, ತೇವಕ್ಕೆ ಪುಡಿ ಗಂಟಾಗುತ್ತದೆ. ಎರಡು ಜಾತಿಯೂ ಇರುವವರು ಒಂದರ ಪದ್ಧತಿಯಲ್ಲಿ ಇನ್ನೊಂದನ್ನು ಎಳೆಯುವುದು ತುಂಬ ಸಾಮಾನ್ಯ.

ಇನ್ಹೇಲರ್‌ಗೆ ಸಿಕ್ಕಿಸುವ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆ ಮಕ್ಕಳಿಗೆ ಮಾತ್ರ ಅಂತ ಒಂದು ನಾಚಿಕೆ ಇದೆ. ಅದನ್ನು ಬಿಟ್ಟುಬಿಡಿ. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳೆ ಹಾಕುವ ತಾಪತ್ರಯವೇ ಅದರಿಂದ ತಪ್ಪುತ್ತದೆ. ಗಂಟಲಲ್ಲಿ ಅಂಟುವುದು ಕಮ್ಮಿಯಾಗಿ ಒಳಗೆ ಇಳಿಯುವುದು ಜಾಸ್ತಿಯಾಗುತ್ತದೆ. ಗುರ್ ಅಂತ ಸದ್ದು ಮಾಡುವ ನೆಬ್ಯುಲೈಸರ್ ಯಂತ್ರಕ್ಕೆ ಜನ ಕೊಡುವ ಮರ್ಯಾದೆ ನೋಡಿದರೆ ನನಗೆ ನಗು ಬರುತ್ತದೆ. ಅಷ್ಟೇನೂ ಜೋರಿಲ್ಲದ ಅಟ್ಯಾಕ್‌ನಲ್ಲಿ ಸ್ಪೇಸರ್ ಹಾಕಿದ ಇನ್ಹೇಲರ್ ಅದಕ್ಕೆ ಸಮಸಮ ಕೆಲಸ ಮಾಡುತ್ತದೆ. ಹಾಗೆಯೇ, ಡಬ್ಬಿ ಖಾಲಿಯಾಗಿದೆಯಾ ಅಂತ ನೀರಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನು ನಂಬಬೇಡಿ. ಔಷಧ ಮುಗಿದ ಮೇಲೂ ತಳ್ಳುವ ಅನಿಲ ಉಳಿದಿರುತ್ತದೆ, ಒತ್ತಿದರೆ ಚುಸ್ ಅನ್ನುತ್ತಲೇ ಇರುತ್ತದೆ. ಅಂಕಿ ತೋರಿಸುವ ಕೌಂಟರ್ ಇರುವುದನ್ನೇ ಕೊಳ್ಳುವುದು ವಾಸಿ.

‘ಸದ್ದು ಬರ್ತಿಲ್ಲ, ಅಂದ್ರೆ ಪರವಾಗಿಲ್ಲ’ ಅನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ನಂಬಿಕೆ. ಕೆಲವರಿಗೆ ಅಸ್ತಮಾ ಬರೀ ಒಣಕೆಮ್ಮಾಗಿ ಬರುತ್ತದೆ, ಅದರಲ್ಲೂ ರಾತ್ರಿ ಮತ್ತು ಬೆಳಗಿನ ಜಾವ. ಇನ್ನು ಜೋರಾದ ಅಟ್ಯಾಕ್‌ನಲ್ಲಿ ಸದ್ದು ನಿಂತುಹೋದರೆ, ಸದ್ದು ಮಾಡಲು ಬೇಕಾದಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದರ್ಥ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಮೋಸ ಮಾಡಬಹುದು. ಅಟ್ಯಾಕ್‌ನ ಶುರುವಿನಲ್ಲಿ ದೇಹ ಬೇಗ ಬೇಗ ಉಸಿರಾಡಿ ಆಮ್ಲಜನಕವನ್ನು ಸರಿದೂಗಿಸುತ್ತದೆ. ಅಂಕಿ ಇಳಿಯುವ ಹೊತ್ತಿಗೆ ಪರಿಸ್ಥಿತಿ ಕೈಮೀರುತ್ತಿರುತ್ತದೆ. ಇದಕ್ಕಿಂತ ಮೊದಲೇ ಸುಳಿವು ಕೊಡುವುದು ಪೀಕ್ ಫ್ಲೋ ಮೀಟರ್. ಜೋರಾಗಿ ಊದಿದರೆ ಗಾಳಿ ಎಷ್ಟು ವೇಗದಲ್ಲಿ ಹೊರಬಂತು ಅಂತ ತೋರಿಸುವ ಸಾದಾ ಕೊಳವೆ ಅದು. ನಿಮ್ಮ ಅತ್ಯುತ್ತಮ ಅಂಕಿಯ ನೂರಕ್ಕೆ 80ಕ್ಕಿಂತ ಕೆಳಗೆ ಬಂದರೆ ಎಚ್ಚರ, 50ಕ್ಕಿಂತ ಕೆಳಗಾದರೆ ಕಾಯಬಾರದು.

ಮಾತು ಪೂರ್ತಿ ಮಾಡಲಾಗದಿದ್ದರೆ, ಕೊರಳ ಸ್ನಾಯು ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ನೀಲಿ ಇನ್ಹೇಲರ್‌ನ ಪರಿಣಾಮ ಮೂರ್ನಾಲ್ಕು ಗಂಟೆಯೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು. ನೀಲಿಯ ಬಗ್ಗೆ ಇಷ್ಟೊತ್ತು ದೂರಿದ್ದೇನೆ, ನಿಜ. ಆದರೆ ಇಂಥ ಹೊತ್ತಿನಲ್ಲಿ ಅದೇ ದೇವರು. ದಾರಿಯಲ್ಲಿ ಸ್ಪೇಸರ್ ಹಾಕಿ 4ರಿಂದ 10 ಪಫ್, ಮೊದಲ ಒಂದು ಗಂಟೆ 20 ನಿಮಿಷಕ್ಕೊಮ್ಮೆ ತೆಗೆದುಕೊಳ್ಳಬಹುದು. ‘ಜಾಸ್ತಿ ಆಯ್ತೇನೋ’ ಅಂತ ಲೆಕ್ಕ ಹಾಕುತ್ತಾ ಕೂರುವ ಸಮಯ ಅದಲ್ಲ.

ಮಿಕ್ಕ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಅಸ್ತಮಾ ಇದ್ದವರು ಓಡಬಾರದು ಅನ್ನುವವರಿಗೆ ಬ್ರಿಟನ್‌ನ ಓಟಗಾರ್ತಿ ಪಾಲಾ ರ‍್ಯಾಡ್‌ಕ್ಲಿಫ್ ಹೆಸರು ಹೇಳಿದರೆ ಸಾಕು. ಅಸ್ತಮಾ ಇದ್ದೂ ಆಕೆ 2003ರ ಲಂಡನ್ ಮ್ಯಾರಥಾನ್‌ನ್ನು 2 ಗಂಟೆ 15 ನಿಮಿಷ 25 ಸೆಕೆಂಡ್‌ನಲ್ಲಿ ಓಡಿದರು. ಮಹಿಳೆಯರ ಆ ವಿಶ್ವ ದಾಖಲೆ 2019ರವರೆಗೆ ನಿಂತಿತ್ತು. ಓಡಿದರೆ ಪ್ರತಿಸಲ ಉಬ್ಬಸ ಬರುತ್ತಿದ್ದರೆ ಚಿಕಿತ್ಸೆ ಸಾಲದು ಎಂದರ್ಥ. ಆಟ ಬಿಡಿಸುವುದು ಅದಕ್ಕೆ ಪರಿಹಾರವಲ್ಲ. ಅಸ್ತಮಾ ಬರೀ ಮನಸ್ಸಿನ ಕಾಯಿಲೆ ಅಂತ ಕಳೆದ ಶತಮಾನದ ಮಧ್ಯಭಾಗದಲ್ಲಿ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಚಿಂತೆ, ನಗು, ಅಳು ಅಟ್ಯಾಕ್ ಎಬ್ಬಿಸಬಲ್ಲವು, ಕಾಯಿಲೆಯನ್ನು ಹುಟ್ಟುಹಾಕುವುದಿಲ್ಲ. ಉಸಿರಾಟದ ವ್ಯಾಯಾಮದಿಂದ ಎಷ್ಟೋ ಜನರಿಗೆ ಹಗುರ ಅನಿಸುತ್ತದೆ, ಮಾಡಲಿ. ಆದರೆ ಅದರಿಂದ ನಾಳದ ಊತ ಇಳಿಯುವುದಿಲ್ಲ. ಕೂದಲು ಉದುರದ ನಾಯಿ ಬೆಕ್ಕು ಸಾಕಿದರೆ ತೊಂದರೆ ಇಲ್ಲ ಅನ್ನುವುದೂ ಸುಳ್ಳು. ಅಲರ್ಜಿ ತರುವುದು ಅವುಗಳ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್.

ಯಾರೂ ಅನುಮಾನಿಸದ ಕಡೆಯಿಂದಲೂ ಕಂಟಕ ಬರುತ್ತದೆ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯಿಂದ ಜೋರು ಅಟ್ಯಾಕ್ ಬರುತ್ತದೆ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಶ್ವಾಸನಾಳವನ್ನು ಬಿಗಿಸಬಲ್ಲದು. ಕಣ್ಣಿನ ಡಾಕ್ಟರಿಗೆ ಉಸಿರಿನ ವಿಷಯ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ! ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಗುಡುಗು ಮಳೆಯ ಗಾಳಿಯಲ್ಲಿ ಹುಲ್ಲಿನ ಪರಾಗ ಒಡೆದು ಸಣ್ಣ ಕಣಗಳಾಗಿ ಹರಡಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ಸತ್ತರು. ಅಂದು ಉಸಿರು ಕಟ್ಟಿದವರಲ್ಲಿ ಎಷ್ಟೋ ಜನ ತಮಗೆ ಅಸ್ತಮಾ ಇದೆ ಅಂತಲೇ ತಿಳಿಯದವರು. ಅವರಿಗೆ ಗೊತ್ತಿದ್ದುದು ಸೀನು, ಮೂಗು ಸೋರುವ ಅಲರ್ಜಿ ಮಾತ್ರ.

ಗರ್ಭಿಣಿಯರು ಮಗುವಿಗೆ ಏನಾದರೂ ಆದೀತು ಅಂತ ಇನ್ಹೇಲರ್ ನಿಲ್ಲಿಸುವುದುಂಟು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು. ಮುಂದುವರಿಸುವುದೇ ಕ್ಷೇಮ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಯಾವಾಗ ಬಿಡಬಹುದು? ಚಿಕ್ಕಂದಿನ ಉಬ್ಬಸ ಹದಿಹರೆಯದಲ್ಲಿ ಮಾಯವಾಗುವುದು ನಿಜ, ಎಷ್ಟೋ ಮಕ್ಕಳಲ್ಲಿ ಹಾಗಾಗುತ್ತದೆ. ಕೆಲವರಲ್ಲಿ ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಮರಳುವುದೂ ಅಷ್ಟೇ ನಿಜ. ದೊಡ್ಡವರಿಗೆ ಸ್ಟೀರಾಯ್ಡ್ ಇನ್ಹೇಲರ್ ಪೂರ್ತಿ ನಿಲ್ಲಿಸಲು ವೈದ್ಯರು ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಡೋಸ್ ಇಳಿಸಬಹುದು. ಸುಮಾರು ಮೂರು ತಿಂಗಳು ಹಗಲು ರಾತ್ರಿ ಏನೂ ತೊಂದರೆ ಇಲ್ಲದಿದ್ದರೆ, ಒಂದು ಮೆಟ್ಟಿಲಿಗೆ ಕಾಲು ಭಾಗದಿಂದ ಅರ್ಧದಷ್ಟು ಇಳಿಸುತ್ತಾರೆ. ಮತ್ತೆ ಮೂರು ತಿಂಗಳು ನೋಡುತ್ತಾರೆ. ಶೀತ ಹಿಡಿದಿರುವಾಗ, ದೂರದ ಪ್ರಯಾಣಕ್ಕೆ ಹೊರಟಾಗ, ಬಸುರಿಯಲ್ಲಿ ಇದಕ್ಕೆ ಕೈಹಾಕುವುದಿಲ್ಲ. ಯಾವ ಲಕ್ಷಣಕ್ಕೆ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಮನೆಯವರಿಗೂ ತೋರಿಸಿಡಿ. ಇಳಿಸಿದ ಮೇಲೆ ರಾತ್ರಿ ಕೆಮ್ಮಿಗೆ ಎಚ್ಚರವಾಗತೊಡಗಿದರೆ ಹಿಂದಿನ ಡೋಸ್‌ಗೆ ವಾಪಸ್ ಹೋಗುವುದು.